ಕಣದ ರಾಶಿ, ತಾಟಿನ ಪಾಲು

ಬಸವಕಲ್ಯಾಣ–ಹುಮನಾಬಾದ್ ಸೀಮೆಯಲ್ಲಿ ಬೇಸಾಯಕ್ಕೂ ಪೋಷಣೆಗೂ ಇದ್ದ ಕೊಂಡಿ ಎಲ್ಲಿ ಕಳಚಿತು, ಅದನ್ನು ಮತ್ತೆ ಎಲ್ಲಿ ಬೆಸೆಯಬಹುದು?

ಬೆಳೆ ಹೆಚ್ಚಿದ ಸೀಮೆಯಲ್ಲಿ ಹಸಿವು ತಗ್ಗಬಹುದು. ಆದರೆ ಅಲ್ಲಿಯ ತಾಯಂದಿರ ರಕ್ತದ ಕಬ್ಬಿಣಾಂಶವೂ ಮಕ್ಕಳ ಎತ್ತರವೂ ರಾಶಿಯ ಹಿಂದೆಯೇ ಏರುತ್ತವೆಂದು ನಂಬಲಾಗದು ಎಂಬುದು ಅಂತಾರಾಷ್ಟ್ರೀಯ ಅಭಿವೃದ್ಧಿ ಚಿಂತನೆ ಬಹಳ ತಡವಾಗಿ ಕಲಿತ ಪಾಠ. ಕೃಷಿ ಇಲಾಖೆ ಎಕರೆಗೆ ಎಷ್ಟು ಕ್ವಿಂಟಲ್ ಬಂತೆಂದು ಬರೆದುಕೊಳ್ಳುತ್ತದೆ, ಆರೋಗ್ಯ ಇಲಾಖೆ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಅಳೆಯುತ್ತದೆ. ಎರಡೂ ಲೆಕ್ಕಗಳು ಅನೇಕ ವೇಳೆ ಒಂದೇ ಮನೆಯವಾದರೂ ಒಂದೇ ಪುಸ್ತಕದಲ್ಲಿ ಕೂಡುವುದಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆ ಈ ಬೇರ್ಪಡಿಕೆಯನ್ನು ಅರಿಯಲು ತಕ್ಕ ನೆಲ. ತೊಗರಿ, ಹೆಸರು, ಉದ್ದು, ಕಡಲೆಗಳನ್ನು ನಾಡಿಗೆಲ್ಲ ಒದಗಿಸುವ ಈ ಸೀಮೆಯು ಮೈಕಟ್ಟಿಗೆ ಬೇಕಾದ ಪ್ರೋಟೀನಿನ ಕಣಜವೇ ಹೌದು. ಆದರೂ ಮಕ್ಕಳ ಪೋಷಣೆಗೆ ಸರ್ಕಾರ ವಿಶೇಷ ಕಾರ್ಯಕ್ರಮಗಳನ್ನು ಆರಂಭಿಸುವಾಗ ಮೊದಲ ಪಟ್ಟಿಯಲ್ಲಿ ಅನೇಕ ಸಲ ಬೀದರ್ ಜಿಲ್ಲೆಯ ಹೆಸರು ಇರುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿದೆ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಅವರಿಗೆ ಬಂದಿಲ್ಲ, ಶೇ 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಕೃಶರಾಗಿದ್ದಾರೆ. ಇದಕ್ಕಿಂತ ಯೋಚನೆಗೆ ಹಚ್ಚುವುದು ರಕ್ತಹೀನತೆಯ ಲೆಕ್ಕ: ನಾಲ್ಕನೆಯ ಸುತ್ತಿನಲ್ಲಿ ಶೇ 60.9ರಷ್ಟಿದ್ದ ಮಕ್ಕಳ ರಕ್ತಹೀನತೆ ಐದನೆಯದರಲ್ಲಿ ಶೇ 65.5ಕ್ಕೂ, 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 44.8ರಷ್ಟಿದ್ದದ್ದು ಶೇ 47.8ಕ್ಕೂ ಏರಿತು. ಅನ್ನಭಾಗ್ಯದ ಅಕ್ಕಿ ಮನೆಮನೆಗೆ ತಲುಪುತ್ತಿದ್ದ ವರ್ಷಗಳಲ್ಲಿಯೇ ಹೀಗಾದದ್ದರಿಂದ, ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬ ಹಳೆಯ ತಿಳಿವಳಿಕೆಗೆ ಅಂಕಿಗಳ ಆಧಾರವೂ ದೊರೆತಂತಾಯಿತು. ಹೊಟ್ಟೆ ತುಂಬಿದರೂ ಕಬ್ಬಿಣ, ಸತು, ಜೀವಸತ್ವಗಳಂಥ ಸೂಕ್ಷ್ಮ ಪೋಷಕಾಂಶಗಳು ಸಾಲದಿರುವ ಸ್ಥಿತಿಯನ್ನು ಪೋಷಣಾ ವಿಜ್ಞಾನಿಗಳು ಮರೆಯ ಹಸಿವು ಎಂದು ಕರೆಯುತ್ತಾರೆ.

ಕೂಡಿದ್ದು ಅಗಲಿದ ಕಥೆ

ಬೇಸಾಯವನ್ನೂ ಪೋಷಣೆಯನ್ನೂ ಒಂದಾಗಿ ನೋಡಬೇಕೆಂಬ ವಿಚಾರ ಹೊಸದಲ್ಲ. ಆರೋಗ್ಯಕ್ಕೂ ಕೃಷಿಗೂ ಮದುವೆ ಮಾಡಿಸಬೇಕೆಂಬ ಮಾತನ್ನು ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಸ್ಟ್ಯಾನ್ಲಿ ಬ್ರೂಸ್ 1935ರಲ್ಲಿಯೇ ಅಂದಿನ ರಾಷ್ಟ್ರಸಂಘದ ಮುಂದೆ ಎತ್ತಿದ್ದರು; ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅಮೆರಿಕದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸೇರಿದ ಸಮ್ಮೇಳನ ಅದೇ ಆಶಯವನ್ನು ಮುಂದಕ್ಕೊಯ್ದು, 1945ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಲು ದಾರಿಮಾಡಿತು. ಆದರೆ ಮುಂದಿನ ದಶಕಗಳಲ್ಲಿ ಜನಸಂಖ್ಯೆಯ ಏರಿಕೆಯೂ ಬರಗಾಲದ ಭೀತಿಯೂ ಸೇರಿ ಬೇಸಾಯದ ಗುರಿಯನ್ನು ಕ್ಯಾಲೊರಿಗೆ, ಅಂದರೆ ಧಾನ್ಯದ ಶಕ್ತಿಮೌಲ್ಯಕ್ಕೆ, ಕುಗ್ಗಿಸಿದವು. ಹಸಿರು ಕ್ರಾಂತಿಯ ಗೋಧಿ, ಭತ್ತಗಳು ದೇಶವನ್ನು ಹಸಿವಿನಿಂದ ಪಾರುಮಾಡಿದವೆಂಬುದು ಎಷ್ಟು ನಿಜವೋ, ನೀರಾವರಿ, ಸಂಶೋಧನೆ, ಬೆಂಬಲ ಬೆಲೆ, ಸರ್ಕಾರಿ ಖರೀದಿಗಳೆಲ್ಲ ಆ ಎರಡು ಧಾನ್ಯಗಳ ಕಡೆಗೇ ಹರಿದು, ಜೋಳ, ಸಜ್ಜೆ, ಬೇಳೆಕಾಳುಗಳ ಒಣನೆಲ ಹಿಂದುಳಿಯಿತೆಂಬುದೂ ಅಷ್ಟೇ ನಿಜ.

2011ರಲ್ಲಿ ಅಂತಾರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ ದೆಹಲಿಯಲ್ಲಿ ನಡೆಸಿದ ಸಮ್ಮೇಳನದಿಂದ ಈಚೆಗೆ ಈ ಚರ್ಚೆ ಮರಳಿ ಬಲ ಪಡೆಯಿತು. 2013ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಲೇಖನಮಾಲೆ ಎರಡು ಬಗೆಯ ಕ್ರಮಗಳನ್ನು ಬೇರ್ಪಡಿಸಿ ತೋರಿಸಿತು: ಕಬ್ಬಿಣದ ಮಾತ್ರೆ, ತಾಯಿಹಾಲಿನ ತಿಳಿವಳಿಕೆಯಂಥವು ಕೊರತೆಯನ್ನು ನೇರವಾಗಿ ನೀಗುವ ‘ಪೋಷಣೆಯ ನೇರ ಕ್ರಮಗಳು’, ಬೇಸಾಯ, ಶಿಕ್ಷಣ, ಕುಡಿಯುವ ನೀರಿನಂಥ ಕ್ಷೇತ್ರಗಳು ತಮ್ಮ ಕೆಲಸವನ್ನು ಪೋಷಣೆಯ ಕಡೆ ಕಣ್ಣಿಟ್ಟು ನಡೆಸಿದರೆ ಅವು ‘ಪೋಷಣೆಗೆ ಸ್ಪಂದಿಸುವ ಕ್ರಮಗಳು’. ನೇರ ಕ್ರಮಗಳಷ್ಟರಿಂದಲೇ ಕುಂಠಿತ ಬೆಳವಣಿಗೆಯ ಹೆಚ್ಚಿನ ಪಾಲು ನೀಗದೆಂಬ ಅರಿವೇ ಹೊಲದ ಕಡೆಗೆ ಮತ್ತೆ ನೋಡುವಂತೆ ಮಾಡಿತು.

ಸಾಲು ಬದಲಾದ ಹೊಲ

ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬೀಳುವ ಬೀದರ್ ಜಿಲ್ಲೆಯಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣೂ ಎರೆ ಮಣ್ಣೂ ಎರಡೂ ಉಂಟು. ಬೇಸಾಯದ ಬಹುಪಾಲು ಮಳೆಯನ್ನೇ ನೆಚ್ಚಿದೆ. ಇಂಥ ನೆಲದಲ್ಲಿ ಹಿಂದಿನ ಒಕ್ಕಲುತನ ಒಂದೇ ಬೆಳೆಗೆ ಅಂಟಿಕೊಂಡಿರಲಿಲ್ಲ. ಮುಂಗಾರಿಗೆ ಜೋಳ, ಸಜ್ಜೆಗಳ ನಡುವೆ ತೊಗರಿಯ ಸಾಲು, ಅಲ್ಲಲ್ಲಿ ಹೆಸರು, ಮಡಿಕೆ, ಅಲಸಂದಿ, ಬದುವಿಗೆ ಪುಂಡಿ, ಎಳ್ಳು. ಹಿಂಗಾರಿಗೆ ಎರೆಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಅಗಸಿ ಬರುತ್ತಿದ್ದವು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲೆಂಬ ಲೆಕ್ಕದ ಈ ಮಿಶ್ರ ಬೇಸಾಯವು ಬರದ ವಿರುದ್ಧದ ವಿಮೆಯಾಗಿದ್ದಂತೆಯೇ ಅಡುಗೆಮನೆಗೆ ಕಾಳು, ಎಣ್ಣೆ, ಸೊಪ್ಪುಗಳನ್ನು ಒಂದೇ ಹೊಲದಿಂದ ಒದಗಿಸುವ ಏರ್ಪಾಡೂ ಆಗಿತ್ತು. ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ತುಂಬಿಟ್ಟ ಜೋಳ ಮನೆಗಾದರೆ, ಅದರ ಕಣಿಕೆ ದನಕ್ಕೆ. ಬೀದರ್–ಲಾತೂರ್ ಸೀಮೆಯ ದೇವಣಿ ತಳಿ ಉಳುಮೆಗೂ ಹಾಲಿಗೂ ಹೆಸರಾದದ್ದರ ಹಿಂದೆ ಈ ಕಣಿಕೆಯ ಬಲವೂ ಇದೆ.

ಕಳೆದ ಎರಡು-ಮೂರು ದಶಕಗಳಲ್ಲಿ ಈ ಸಾಲುಗಳು ಬದಲಾದವು. ಮಹಾರಾಷ್ಟ್ರದ ಲಾತೂರ್ ಕಡೆಯಂತೆ ಇಲ್ಲಿಯೂ ಸೋಯಾ ಅವರೆ ಮುಂಗಾರಿನ ಮುಖ್ಯ ಬೆಳೆಯಾಗಿ ಬೆಳೆದು ಮುಂಗಾರಿ ಜೋಳವನ್ನು ಬದಿಗೆ ಸರಿಸಿತು; ನೀರು ಸಿಕ್ಕ ಕಡೆ ಕಬ್ಬು ಬಂದಿತು, ಹುಮನಾಬಾದ್ ಸೀಮೆಯ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಅದಕ್ಕೂ ಮೊದಲೇ ನೆಲೆಗೊಂಡಿತ್ತು. ಇದನ್ನು ರೈತನ ಅವಿವೇಕವೆಂದು ಬಗೆಯುವುದು ತಪ್ಪು. ಸೋಯಾ ಮೂರೂವರೆ ತಿಂಗಳೊಳಗೆ ಕೈಗೆ ಬರುತ್ತದೆ, ಯಂತ್ರದಿಂದ ರಾಶಿಯಾಗುತ್ತದೆ, ಮಾರುಕಟ್ಟೆಯಲ್ಲಿ ನಗದಾಗುತ್ತದೆ, ಹಿಂಗಾರಿ ಕಡಲೆಗೆ ಹೊಲ ಬಿಟ್ಟುಕೊಡುತ್ತದೆ. ಮುಂಗಾರಿ ಜೋಳಕ್ಕೋ ತೆನೆ ಕಟ್ಟುವಾಗ ಹಕ್ಕಿಯ ಕಾಟ, ಕೊಯ್ಲಿನಲ್ಲಿ ಮಳೆಗೆ ಸಿಕ್ಕಿ ಕಪ್ಪಾಗುವ ಕಾಳು, ದುಬಾರಿ ಕೂಲಿ, ಅಗ್ಗದ ಬೆಲೆ. ಆದರೆ ಸುಮಾರು ಶೇ 40ರಷ್ಟು ಪ್ರೋಟೀನು, ಶೇ 20ರಷ್ಟು ಎಣ್ಣೆಯುಳ್ಳ ಸೋಯಾ ಬೆಳೆದವರ ಒಲೆಗೆ ಏರುವುದು ಅಪರೂಪ. ಅದು ಗಾಣದ ಕಾರ್ಖಾನೆಗೆ ಹೋಗಿ ಎಣ್ಣೆಯಾಗುತ್ತದೆ, ಹಿಂಡಿಯ ಬಹುಪಾಲು ಕೋಳಿಯ ಆಹಾರವಾಗುತ್ತದೆ. ಪ್ರೋಟೀನು ಹೊಲದಲ್ಲಿ ಹೆಚ್ಚಿತು, ತಾಟಿಗೆ ಬರಲಿಲ್ಲ. ಜೊತೆಗೆ ಕಣಿಕೆ ಕಡಿಮೆಯಾಗಿ ಕೊಟ್ಟಿಗೆಯೂ ಸೊರಗಿತು.

ತಾಟಿನಲ್ಲಿ ಎಷ್ಟು ಗುಂಪು?

ಪೋಷಣೆಯನ್ನು ತಾಟಿನ ಮೇಲೆಯೇ ಅಳೆಯಲು ಆಹಾರ ಮತ್ತು ಕೃಷಿ ಸಂಸ್ಥೆ ಒಂದು ಸರಳ ಅಳತೆಗೋಲನ್ನು ಬಳಕೆಗೆ ತಂದಿದೆ. ಆಹಾರವನ್ನೆಲ್ಲ ಹತ್ತು ಗುಂಪು ಮಾಡಿ—ಧಾನ್ಯ-ಗಡ್ಡೆಗಳು, ಬೇಳೆಕಾಳು, ಬೀಜ-ಕಾಯಿಗಳು, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ಕಡುಹಸಿರು ಸೊಪ್ಪು, ಎ ಜೀವಸತ್ವವುಳ್ಳ ಹಣ್ಣು-ತರಕಾರಿ, ಇತರ ತರಕಾರಿ, ಇತರ ಹಣ್ಣು—ಹಿಂದಿನ ದಿನ ಒಬ್ಬ ಹೆಣ್ಣುಮಗಳು ಇವುಗಳಲ್ಲಿ ಎಷ್ಟನ್ನು ಉಂಡಳೆಂದು ಕೇಳಲಾಗುತ್ತದೆ. ಸಮುದಾಯವೊಂದರಲ್ಲಿ ಐದು ಅಥವಾ ಹೆಚ್ಚು ಗುಂಪುಗಳನ್ನು ಉಂಡವರ ಪ್ರಮಾಣ ಹೆಚ್ಚಿದ್ದಷ್ಟೂ ಸೂಕ್ಷ್ಮ ಪೋಷಕಾಂಶಗಳು ಅಲ್ಲಿ ಚೆನ್ನಾಗಿ ದೊರೆಯುತ್ತಿರುವ ಸಂಭವ ಹೆಚ್ಚು.

ಈ ಕೋಲನ್ನು ಬಸವಕಲ್ಯಾಣದ ತಾಟಿಗೆ ಹಿಡಿದರೆ ದೊರೆಯುವ ಲೆಕ್ಕ ಕಣ್ತೆರೆಸುವಂಥದು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು—ಈ ಊಟ ಸರಿಯಾಗಿ ಐದು ಗುಂಪನ್ನು ಮುಟ್ಟುತ್ತದೆ, ಏಕೆಂದರೆ ಶೇಂಗಾ ಇಲ್ಲಿ ಬೀಜ-ಕಾಯಿಗಳ ಗುಂಪಿಗೆ ಸೇರುತ್ತದೆ. ಅದೇ ಮನೆಯ ಊಟ ಪಡಿತರದ ಅಕ್ಕಿಯ ಅನ್ನಕ್ಕೂ ತೆಳುವಾದ ಬೇಳೆಸಾರಿಗೂ ಇಳಿದರೆ ಗುಂಪು ಎರಡೇ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಒಂದು ಮಿಲಿಗ್ರಾಂ ಕೂಡ ಇಲ್ಲ. ರೊಟ್ಟಿಗೆ ಬೇಳೆ ಜೊತೆಯಾಗುವುದರಲ್ಲಿಯೂ ಅರ್ಥವಿದೆ: ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಲೈಸಿನ್ ಜೋಳದಲ್ಲಿ ಕಡಿಮೆ, ಬೇಳೆಯಲ್ಲಿ ಹೇರಳ, ಮಿಥಿಯೊನಿನ್ ಬೇಳೆಯಲ್ಲಿ ಕಡಿಮೆ, ಜೋಳ ಅದನ್ನು ತುಂಬಿಕೊಡುತ್ತದೆ.

ಈ ಸೀಮೆಯ ಎಳ್ಳ ಅಮಾವಾಸ್ಯೆ ಹೊಲಕ್ಕೂ ತಾಟಿಗೂ ಇರುವ ನಂಟನ್ನು ಹಬ್ಬದ ರೂಪದಲ್ಲಿಯೇ ಉಳಿಸಿಕೊಂಡಿದೆ. ಹಿಂಗಾರಿ ಪೈರು ನಿಂತ ಹೊಲದಲ್ಲಿ ಚರಗ ಚೆಲ್ಲಿ, ಎಂದರೆ ಉಣ್ಣುವ ಮೊದಲು ಭೂಮಿಗೆ ಎಡೆಯ ಪಾಲು ಹಂಚಿ, ಬಂಧು-ಬಳಗ ಅಲ್ಲಿಯೇ ಕೂಡಿ ಉಣ್ಣುವ ಆ ದಿನ ಹಸಿ ತೊಗರಿಕಾಳು, ಅವರೆಕಾಳು, ಕಡಲೆ, ಮೆಂತ್ಯ, ಗಜ್ಜರಿ, ಬದನೆ ಎಲ್ಲವನ್ನೂ ಕೂಡಿಸಿ ಬೇಯಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆಯ ಅಂಬಲಿ ಸೇರಿದರೆ ಹತ್ತರಲ್ಲಿ ಏಳು ಗುಂಪು ಒಂದೇ ಊಟದಲ್ಲಿ ಕೂಡುತ್ತವೆ. ಹಬ್ಬಕ್ಕೆ ಇಷ್ಟೆಲ್ಲ ಒದಗಿಸಬಲ್ಲ ನೆಲ ವರ್ಷದ ಉಳಿದ ದಿನಗಳಲ್ಲಿ ಏಕೆ ಒದಗಿಸುತ್ತಿಲ್ಲ ಎಂಬುದೇ ಕೇಳಬೇಕಾದ ಪ್ರಶ್ನೆ.

ಹಳೆಯದರ ಹಂಬಲ ಸಾಲದು

ಆದರೆ ಹಿಂದಿನ ಊಟವೆಲ್ಲ ಪೂರ್ಣವಾಗಿತ್ತೆಂದು ಕೊಂಡಾಡುವುದಕ್ಕೂ ಚರಿತ್ರೆ ಎಡೆಗೊಡುವುದಿಲ್ಲ. ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಉದ್ದಿನ ಇಡ್ಡರಿಕೆ, ದೋಸೆ, ವಡೆ, ಬಗೆಬಗೆಯ ಮಾಂಸದಡುಗೆಗಳು ಬರುತ್ತವೆ, ಅದು ಅರಮನೆಯ ತಾಟು, ಆ ಧಾನ್ಯ ಬೆಳೆದವರ ತಾಟಲ್ಲ. ಇಪ್ಪತ್ತನೆಯ ಶತಮಾನದ ನಡುವೆಯೂ ದಖ್ಖನ್ನಿನ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ನಿಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ಬಿಸಿಲು ತಾಗುವ ಚರ್ಮ ಕಪ್ಪಾಗಿ ಬಿರಿಯುವ, ಭೇದಿಯೂ ಬುದ್ಧಿಭ್ರಮೆಯೂ ಉಂಟಾಗುವ ಈ ರೋಗ ಜೋಳವನ್ನೇ ನೆಚ್ಚಿ ಬದುಕುವವರಲ್ಲಿ ಬರುವುದನ್ನು ಗಮನಿಸಿ, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿರುವ ಹೈದರಾಬಾದಿನ ಪ್ರಯೋಗಾಲಯದಲ್ಲಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದ ಹೆಚ್ಚಿನ ಲ್ಯೂಸಿನ್ ಅಂಶದ ಕಡೆ ಬೆರಳು ತೋರಿಸಿದರು. ಆ ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಮುಂದೆ ಚರ್ಚೆ ನಡೆದರೂ, ಬೇಳೆ, ಹಾಲು, ಸೊಪ್ಪುಗಳ ಜೊತೆಯಿಲ್ಲದೆ ಯಾವ ಧಾನ್ಯವೂ ಒಂಟಿಯಾಗಿ ಪೋಷಣೆಯಾಗದೆಂಬ ತಾತ್ಪರ್ಯ ಮಾತ್ರ ಉಳಿಯಿತು. ಅಕ್ಕಿಯ ಒಂಟಿತನಕ್ಕೆ ಜೋಳದ ಒಂಟಿತನ ಮದ್ದಲ್ಲ.

ದುಡ್ಡು, ದರ, ಹೆಣ್ಣಿನ ಹೊತ್ತು

ಹೊಲದಿಂದ ಮೈಗೆ ಹೋಗುವ ದಾರಿಗಳನ್ನು ಸಂಶೋಧಕರು ಮುಖ್ಯವಾಗಿ ಮೂರಾಗಿ ಗುರುತಿಸುತ್ತಾರೆ: ಬೆಳೆದದ್ದನ್ನು ಉಣ್ಣುವುದು, ಮಾರಿದ ಹಣದಿಂದ ಕೊಂಡು ಉಣ್ಣುವುದು, ಬೇಸಾಯದಲ್ಲಿ ದುಡಿಯುವ ಹೆಣ್ಣಿನ ಕೈಯಲ್ಲಿ ಹೊತ್ತು, ಹಣ, ಆರೋಗ್ಯ ಉಳಿಯುವುದು. ಮೂರರಲ್ಲಿಯೂ ತಡೆಗಳುಂಟು. ಮೊದಲನೆಯದು ಸೋಯಾ, ಕಬ್ಬುಗಳಿಂದ ಕಿರಿದಾಯಿತು. ಎರಡನೆಯದು ಬೆಲೆಯ ಏರಿಳಿತಕ್ಕೆ ಸಿಕ್ಕುತ್ತದೆ. 2015ರಲ್ಲಿ ತೊಗರಿಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿಯ ಹತ್ತಿರ ಹೋದಾಗ ಕೊಳ್ಳುವ ಕೂಲಿಕಾರನ ಸಾರು ತೆಳುವಾಯಿತು. ವಿಶ್ವಸಂಸ್ಥೆ ಬೇಳೆಕಾಳುಗಳ ವರ್ಷವೆಂದು ಆಚರಿಸಿದ 2016ರಲ್ಲಿ ರೈತರು ನೆಚ್ಚಿಕೊಂಡು ಬಿತ್ತಿದಾಗ ಭಾರೀ ಫಸಲು ಬಂದು, ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಮಾರುಕಟ್ಟೆ ಕುಸಿಯಿತು. ಅದೇ ವರ್ಷ ಭಾರತ ಮೊಜಾಂಬಿಕ್ ದೇಶದೊಡನೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತ್ತಾದ್ದರಿಂದ, ಹುಮನಾಬಾದಿನ ಮಾರುಕಟ್ಟೆಯ ಅಂಗಳ ಆಫ್ರಿಕಾದ ಹೊಲಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗುವ ಕಾಲ ಬಂದಿದೆ.

ಮೂರನೆಯ ದಾರಿ ಎಲ್ಲಕ್ಕಿಂತ ಕಡಿಮೆ ಗಮನ ಪಡೆದದ್ದು. ಕಳೆ, ಕೊಯ್ಲುಗಳ ಹೊತ್ತಿನಲ್ಲಿ ನಸುಕಿಗೆ ಹೊಲಕ್ಕೆ ಹೋದ ತಾಯಿ ಸಂಜೆ ಮರಳುವವರೆಗೆ ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ ಮೂರು ನಾಲ್ಕು ಸಲ ಮೆತ್ತನೆಯ ಊಟ ತಿನ್ನಿಸುವವರು ಯಾರು ಎಂಬ ಪ್ರಶ್ನೆಗೆ ಇಳುವರಿಯ ಅಂಕಿಗಳಲ್ಲಿ ಉತ್ತರವಿಲ್ಲ. ಕೂಲಿಯನ್ನು ಕಾಳಿನ ರೂಪದಲ್ಲಿ ಪಡೆಯುತ್ತಿದ್ದಾಗ ಅದು ನೇರವಾಗಿ ಅಡುಗೆಮನೆಗೆ ಸೇರುತ್ತಿತ್ತು. ನಗದಾದ ಮೇಲೆ ಅದು ಯಾರ ಕಿಸೆಗೆ ಸೇರುತ್ತದೆ ಎಂಬುದರ ಮೇಲೆ ಮಗುವಿನ ತುತ್ತು ನಿಂತಿದೆ. ಬೀದರ್ ಜಿಲ್ಲಾ ಸಹಕಾರಿ ಬ್ಯಾಂಕಿನ ಆಸರೆಯಲ್ಲಿ ಹಬ್ಬಿದ ಮಹಿಳಾ ಸ್ವಸಹಾಯ ಸಂಘಗಳು ದೇಶದ ಗಮನ ಸೆಳೆದ ಈ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಸಂಘಟನೆ ಆಗಲೇ ಸಿದ್ಧವಾಗಿದೆ.

ಒಂದೇ ಹೆದ್ದಾರಿಯ ಎರಡು ಪಾಠ

ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿಯೇ ಈ ಸಮಸ್ಯೆಗೆ ಎರಡು ಬಗೆಯ ಉತ್ತರಗಳು ರೂಪುಗೊಂಡಿವೆ. ತೆಲಂಗಾಣದ ಗಡಿ ದಾಟಿದೊಡನೆ ಸಿಗುವ ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ (1945–2023). ಅಲ್ಲಿಯ ದಲಿತ ಮಹಿಳೆಯರ ಸಂಘಗಳು ಪಾಳುಬಿದ್ದ ತುಂಡು ಹೊಲಗಳಲ್ಲಿ ಜೋಳ, ಸಿರಿಧಾನ್ಯ, ಕಾಳುಗಳನ್ನು ಕೂಡಿ ಬೆಳೆದು, ಊರಲ್ಲಿಯೇ ಸಂಗ್ರಹಿಸಿ, ಬಡವರಾರೆಂದು ಊರವರೇ ಗುರುತಿಸಿ ಅಗ್ಗದಲ್ಲಿ ಹಂಚುವ ಪರ್ಯಾಯ ಪಡಿತರವನ್ನು 1990ರ ದಶಕದಲ್ಲಿ ನಡೆಸಿ ತೋರಿಸಿದವು. 2019ರಲ್ಲಿ ಇವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಬಿತ್ತದೆಯೇ ಹೊಲದಲ್ಲಿ ಹುಟ್ಟುವ ಸೊಪ್ಪುಗಳು ಕಳೆಯಲ್ಲ, ಆಹಾರ ಎಂಬ ಅವರ ಅರಿವು ಕಳೆನಾಶಕದ ಈ ಕಾಲಕ್ಕೆ ಬೆಲೆಯುಳ್ಳದ್ದು.

ಅದೇ ದಾರಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಕೇಂದ್ರ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ಮೇಲೆ ಕೆಲಸ ಮಾಡುತ್ತದೆ. ನೆಟೆರೋಗ ತಡೆಯುವ ‘ಮಾರುತಿ’ ತೊಗರಿ 1986ರಲ್ಲಿ ಕರ್ನಾಟಕದ ರೈತರಿಗೆ ದೊರೆತದ್ದು ಇದರ ಕೆಲಸದಿಂದ. ಮರಾಠವಾಡದ ಕೃಷಿ ವಿಶ್ವವಿದ್ಯಾಲಯದೊಡನೆ ಸೇರಿ 2018ರಲ್ಲಿ ಹೊರತಂದ ‘ಪರಭಣಿ ಶಕ್ತಿ’ ಜೋಳದಲ್ಲಿ ಕಿಲೋಗೆ ಸುಮಾರು 45 ಮಿಲಿಗ್ರಾಂ ಕಬ್ಬಿಣ, 32 ಮಿಲಿಗ್ರಾಂ ಸತು ಇವೆ. ತಳಿಯಲ್ಲಿಯೇ ಪೋಷಕಾಂಶ ಹೆಚ್ಚಿಸುವ ಈ ವಿಧಾನಕ್ಕೆ ಜೈವಿಕ ಬಲವರ್ಧನೆ ಎಂದು ಹೆಸರು. ಪಡಿತರದ ಅಕ್ಕಿಗೆ ಕಾರ್ಖಾನೆಯಲ್ಲಿ ಕಬ್ಬಿಣಾಂಶದ ಕಾಳು ಬೆರೆಸುವ ಸಾರವರ್ಧನೆಯಿಂದ ಇದು ಬೇರೆ, ಏಕೆಂದರೆ ಇಲ್ಲಿ ಪೋಷಣೆಯ ಮೂಲ ರೈತನ ಬೀಜದಲ್ಲಿದೆ.

ಇಂಥ ಪ್ರಯತ್ನಗಳ ಫಲವನ್ನು ಉತ್ಪ್ರೇಕ್ಷಿಸಬಾರದು. ಒಡಿಶಾದ ಕೆಂದುಝರ್ ಜಿಲ್ಲೆಯಲ್ಲಿ ಹಳ್ಳಿಯ ಮಹಿಳೆಯರಿಗೆ ಬೇಸಾಯ ಮತ್ತು ಪೋಷಣೆಯ ವಿಡಿಯೊಗಳನ್ನು ತೋರಿಸಿ, ಕೂಡಿ ಚರ್ಚಿಸಿ ನಡೆಸಿದ ‘ಉಪವನ’ ಪ್ರಯೋಗದಲ್ಲಿ ಮಕ್ಕಳ ಆಹಾರ ವೈವಿಧ್ಯ ಹೆಚ್ಚಿತಾದರೂ ಕೃಶತೆ ತಗ್ಗಲಿಲ್ಲ. ಕೊಳಕು ನೀರು, ಪದೇ ಪದೇ ಬರುವ ಭೇದಿ, ಬೇಗನೆ ಆಗುವ ಮದುವೆ, ತಾಯಿಯ ಸ್ವಂತ ಕೃಶತೆ ಇವು ಉಂಡದ್ದನ್ನು ಮೈಗೆ ಹತ್ತಗೊಡುವುದಿಲ್ಲ. ಹೊಲ ಅಗತ್ಯ, ಹೊಲವೊಂದೇ ಸಾಲದು.

ದಾಸೋಹದ ಲೆಕ್ಕ

ಹೊಲಕ್ಕೂ ತಾಟಿಗೂ ನಡುವೆ ಸರ್ಕಾರವೇ ನಡೆಸುವ ದೊಡ್ಡ ಅಡುಗೆಮನೆಗಳಿವೆ: ಶಾಲೆ, ಅಂಗನವಾಡಿ, ಜೊತೆಗೆ ಪಡಿತರದ ಅಂಗಡಿ. ಶಾಲೆಯ ಬಿಸಿಯೂಟ 2002ರಲ್ಲಿ ಬೀದರ್ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದಾಗ ಅದಕ್ಕಿಟ್ಟ ‘ಅಕ್ಷರ ದಾಸೋಹ’ ಎಂಬ ಹೆಸರು ಕಲ್ಯಾಣದ ಶರಣರದೇ ಮಾತು. 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ, 2017ರಲ್ಲಿ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಬಂದವು. 2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುವ ಕ್ರಮ ಮೊದಲು ಜಾರಿಯಾದ ಜಿಲ್ಲೆಗಳಲ್ಲಿಯೂ ಬೀದರ್ ಇತ್ತು. ಇಷ್ಟು ತಾಟುಗಳಿಗೆ ಬೇಕಾದ ಬೇಳೆ, ಜೋಳ, ಸೊಪ್ಪು, ಮೊಟ್ಟೆಗಳನ್ನು ಅದೇ ತಾಲ್ಲೂಕಿನ ರೈತರಿಂದ, ಸಂಘಗಳ ಮೂಲಕ, ಬಿತ್ತನೆಗೆ ಮೊದಲೇ ಬೆಲೆ ಗೊತ್ತುಮಾಡಿ ಕೊಂಡರೆ, ಹೊಲದ ಸಾಲನ್ನು ತಾಟು ಬದಲಿಸಬಲ್ಲದು. ಬ್ರೆಜಿಲ್ ದೇಶ 2009ರ ಕಾನೂನಿನಲ್ಲಿ ಶಾಲೆಯೂಟದ ಕೇಂದ್ರ ಅನುದಾನದ ಕನಿಷ್ಠ ಶೇ 30ರಷ್ಟನ್ನು ಸಣ್ಣ ಹಿಡುವಳಿಯ ಕುಟುಂಬಗಳಿಂದಲೇ ಖರೀದಿಸಲು ಬಳಸಬೇಕೆಂದು ವಿಧಿಸಿತು.

ಉಳಿದದ್ದು ಮನೆಯ ಲೆಕ್ಕ. ದಿನಕ್ಕೆ 2,000 ಕ್ಯಾಲೊರಿ ಬೇಕಾದ ವ್ಯಕ್ತಿಗೆ 85 ಗ್ರಾಂ ಬೇಳೆಕಾಳು ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಐದು ಜನರ ಮನೆಗೆ ಇದು ವರ್ಷಕ್ಕೆ ಸುಮಾರು ಒಂದೂವರೆ ಕ್ವಿಂಟಲ್. ತೊಗರಿ, ಹೆಸರು, ಕಡಲೆ ಮೂರನ್ನೂ ಕಾಣುವ ನೆಲದಲ್ಲಿ ಚೀಲಗಳು ಗಾಡಿ ಏರುವ ಮೊದಲು ಇಷ್ಟನ್ನು ತೆಗೆದಿಡುವುದು ಹೊಲವುಳ್ಳ ಮನೆಗೆ ಆಗದ ಮಾತಲ್ಲ, ಹೊಲವಿಲ್ಲದ ಮನೆಗೆ ಇಷ್ಟನ್ನು ಪಡಿತರದಲ್ಲಿ ತಲುಪಿಸುವುದು ಸರ್ಕಾರಕ್ಕೆ ಆಗದ ಮಾತೂ ಅಲ್ಲ. ಶರಣರು ಕಲ್ಯಾಣದಲ್ಲಿ ಕಾಯಕವನ್ನೂ ದಾಸೋಹವನ್ನೂ ಜೋಡಿಯಾಗಿ ಹೇಳಿದರು, ದುಡಿದು ಬೆಳೆದದ್ದು ಹಂಚಿ ಉಣ್ಣುವಲ್ಲಿಗೆ ಮುಟ್ಟಿದಾಗಲೇ ದುಡಿಮೆ ಪೂರ್ತಿ ಎಂದು ಬಗೆದರು. ಆ ಊರಿನ ಬೇಸಾಯವನ್ನು ಇನ್ನು ಮುಂದೆ ಎಕರೆಯ ಇಳುವರಿಯಿಂದ ಮಾತ್ರ ಅಳೆದರೆ ಲೆಕ್ಕ ಅರ್ಧಕ್ಕೆ ನಿಂತಂತೆ. ಉಳಿದರ್ಧ ಇರುವುದು ಅಂಗನವಾಡಿಯ ತೂಕದ ತಕ್ಕಡಿಯಲ್ಲಿ.